ಹನ್ನೆರಡನೆಯ ಕಾಮೆಂಟ್

"ಅಯ್ಯೋ ದೇವ್ರೇ! ಯಾರೇ ಇದು ಹಾಕಿದ್ದು?"

ಲಿಖಿತಾ ಕೂಗಿದ ರಭಸಕ್ಕೆ ಪಕ್ಕದ ಕಂಪ್ಯೂಟರ್ ಮುಂದೆ ಕೂತಿದ್ದ ಗೆಳತಿ ಶೋಭಿತಾ ಬೆಚ್ಚಿಬಿದ್ದಳು.

ಆರನೇ ಕ್ಲಾಸಿನ ಲಿಖಿತಾ ಬರೆದ 'ನಮ್ಮ ತೋಟದ ದಾರಿ' ಶಾಲೆಯ ಬ್ಲಾಗಿನಲ್ಲಿ ಬಂದು ಎರಡೇ ದಿನ. ಆಗಲೇ ಹನ್ನೊಂದು ಕಾಮೆಂಟ್! 'ಸೂಪರ್', 'ವಾವ್ ಲಿಖಿ', ಕುಶಾಲನಗರದ ಅತ್ತೆಯಿಂದ ಸಾಲಾಗಿ ಆರು ಹೂವು. ಅವಳ ಕಾಲು ನೆಲದ ಮೇಲೇ ಇರಲಿಲ್ಲ. ಈಗ ನೋಡಿದರೆ ಹನ್ನೆರಡನೆಯದು. ಹೆಸರಿಲ್ಲ, 'ಅನಾಮಿಕ' ಅಂತ ಅಷ್ಟೇ.

'ನೀವು ಬರೆದಿರುವುದು ಸರಿ ಇಲ್ಲ...'

ಅಷ್ಟು ಓದುವಷ್ಟರಲ್ಲೇ ಅವಳಿಗೆ ಕಣ್ಣು ತುಂಬಿ ಬಂತು. "ಆಕರ್ಷನೇ ಇರ್ಬೇಕು. ಅವನ ಕತೆಗೆ ಎರಡೇ ಕಾಮೆಂಟ್ ಬಂತಲ್ಲ, ಹೊಟ್ಟೆಕಿಚ್ಚು!"

"ಪೂರ್ತಿ ಓದೇ. ಕೆಳಗೆ ಇನ್ನೂ ಇದೆ," ಅಂದಳು ಶೋಭಿತಾ.

"ಓದಕ್ಕೆ ಏನಿದೆ ಮಣ್ಣು!"

ಬ್ಲಾಗ್ ನೋಡಿಕೊಳ್ಳಲು ಮನೋರಮಾ ಮಿಸ್ ಪಾಸ್‌ವರ್ಡ್ ಕೊಟ್ಟಿದ್ದು ಲಿಖಿತಾಳಿಗೇ. ಟಕ್ಕೆಂದು ಡಿಲೀಟ್ ಒತ್ತಿದಳು. ಮತ್ತೆ ಹನ್ನೊಂದಕ್ಕೆ ಬಂತು. ಹಾಯೆನಿಸಿತು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ತೋಟದ ವಾಚರ್ ಜವರಣ್ಣ ಗೇಟು ತಳ್ಳಿಕೊಂಡು ಬಂದರು. ಅವರ ಕೈ ಹಿಡಿದಿದ್ದವಳು ಮೂರನೇ ಕ್ಲಾಸಿನ ಪವಿತ್ರಾ. ಯೂನಿಫಾರ್ಮ್ ತುಂಬ ಕೆಸರು, ಒಂದು ಕಾಲಿನಲ್ಲಿ ಶೂ ಇಲ್ಲ. ಹುಡುಗಿ ಗಡಗಡ ನಡುಗುತ್ತಿದ್ದಳು.

"ಆನೆ ಮಿಸ್! ಹಲಸಿನ ಮರದ ಹತ್ರಾನೇ ಇತ್ತು!"

"ಶಿವ ಶಿವಾ! ರೋಡ್ ಬಿಟ್ಟು ತೋಟದ ದಾರೀಲಿ ಯಾಕೆ ಬಂದೆ ಪುಟ್ಟಾ?" ಮಿಸ್ ಅವಳನ್ನು ತಬ್ಬಿಕೊಂಡರು.

"ಆ ದಾರಿಗೆ ಆನೆ ಬರಲ್ಲ ಅಂತ ಲಿಖಿತಕ್ಕ ಬರ್ದಿದ್ರಲ್ಲ..."

ಲಿಖಿತಾಳಿಗೆ ತನ್ನ ಸಾಲು ನೆನಪಾಯಿತು. ಹೌದು, ಬರೆದಿದ್ದಳು. 'ಹಣ್ಣಾಗುವ ಮೊದಲೇ ತೋಟದವರು ಹಲಸಿನಕಾಯಿಗಳನ್ನೆಲ್ಲ ಇಳಿಸಿಬಿಡುತ್ತಾರೆ. ಅದಕ್ಕೇ ನಮ್ಮ ದಾರಿಗೆ ಆನೆ ಬರುವುದಿಲ್ಲ.' ಅದು ಹೋದ ವರ್ಷದ ಮಾತು. ಈ ಜೂನ್‌ನಿಂದ ಅವಳು ಅಪ್ಪನ ಬೈಕಿನಲ್ಲಿ ಬರುತ್ತಿದ್ದಳು. ಆ ದಾರಿಯಲ್ಲಿ ಒಂದು ದಿನವೂ ಕಾಲಿಟ್ಟಿರಲಿಲ್ಲ.

"ಈ ಸಲ ಕಾಯಿ ಇಳ್ಸೋಕೆ ಆಳೇ ಸಿಗ್ಲಿಲ್ಲ ಮೇಡಂ," ಜವರಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. "ಮರದ ತುಂಬ ಹಣ್ಣು. ಮೊನ್ನೆ ನನ್ ಮಗಳು ಮೊಬೈಲಲ್ಲಿ ಓದಿ ಹೇಳಿದ್ಲು. ಅವಳ ಕೈಲೇ ಬರ್ಸಿದೆ, ಈ ಸಲ ಕಾಯಿ ಇಳ್ಸಿಲ್ಲ, ಮಕ್ಳು ಆ ದಾರೀಲಿ ಬರ್ಬೇಡಿ ಅಂತ. ರಾತ್ರಿ ನೋಡಿದ್ರೆ ಅದು ಇಲ್ವೇ ಇಲ್ಲ! ನಾವೇ ಏನೋ ತಪ್ಪು ಒತ್ತಿರ್ಬೇಕು ಅಂದ್ಕಂಡೆ. ಅದಕ್ಕೇ ಬೆಳಗಾಗ್ತಿದ್ದಂಗೆ ಹೋಗಿ ದಾರೀಲೇ ನಿಂತಿದ್ದೆ."

ಜವರಣ್ಣ ಅಲ್ಲಿ ನಿಂತಿರದಿದ್ದರೆ? ಮುಂದಕ್ಕೆ ಯೋಚಿಸಲು ಲಿಖಿತಾಳಿಗೆ ಧೈರ್ಯ ಬರಲಿಲ್ಲ. ಪವಿತ್ರಾಳ ಶೂ ಇಲ್ಲದ ಕಾಲು ಮಾತ್ರ ಕಾಣುತ್ತಿತ್ತು.

"ನೀವು ತಪ್ಪು ಒತ್ತಿಲ್ಲ ಜವರಣ್ಣ..." ಲಿಖಿತಾ ಸಾಲು ಬಿಟ್ಟು ಮುಂದೆ ಬಂದಳು. "ಅಳಿಸಿದ್ದು ನಾನು."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕರ್ಷನೂ ಬಾಯಿ ಬಿಟ್ಟುಕೊಂಡು ನೋಡಿದ.

"ನೀನಾ ಕೂಸೇ? ಯಾಕವ್ವಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಏನಂತ ಹೇಳುವುದು? ಹನ್ನೊಂದು ಜನ ಸೂಪರ್ ಅಂದಿದ್ದರು ಅಂತಲೇ?

ಮಿಸ್ ಲಿಖಿತಾಳಿಗೆ ಕಂಪ್ಯೂಟರ್ ರೂಮಿನ ಬೀಗದ ಕೈ ಕೊಟ್ಟರು.

ಜವರಣ್ಣ ಚಪ್ಪಲಿ ಕಳಚಿಟ್ಟು ಬಾಗಿಲಲ್ಲೇ ನಿಂತರು.

"ಒಳಗೆ ಬನ್ನಿ ಜವರಣ್ಣ. ಅವತ್ತು ಬರ್ಸಿದ್ದನ್ನ ಇನ್ನೊಂದ್ಸಲ ಹೇಳ್ತೀರಾ?"

ಅವರು ಹೇಳಿದರು, ಅವಳು ಟೈಪ್ ಮಾಡಿದಳು. ಕೆಳಗೆ ಕಾಮೆಂಟಿನ ಜಾಗದಲ್ಲಲ್ಲ, ಬರಹದ ತುದಿಯಲ್ಲಿ, 'ಲಿಖಿತಾ, ಆರನೇ ತರಗತಿ' ಅಂತ ಇದ್ದದ್ದಕ್ಕಿಂತಲೂ ಮೇಲೆ. ಕೊನೆಗೆ ಜವರಣ್ಣನ ಹೆಸರು ಹಾಕಿದಳು.

"ನನ್ ಹೆಸ್ರು ಯಾಕವ್ವಾ?"

"ಇರ್ಲಿ ಜವರಣ್ಣ. ಈಗ ಪೂರ್ತಿ ಓದ್ತೀನಿ, ಸರಿ ಇದ್ಯಾ ಹೇಳಿ."

ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಲಿಖಿತಾ ಮೊದಲ ಅಕ್ಷರದಿಂದ ಓದತೊಡಗಿದಳು.