ಎಡಗೈಯ ಚಾಕು

ಕೌಂಟರಿನ ಮೇಲೆ ಬಿಚ್ಚಿದ ಚಾಕು ಇಟ್ಟು ನಿಂತವಳನ್ನು ಕಂಡು ಬೀಗದವನು ಒಂದು ಹೆಜ್ಜೆ ಹಿಂದೆ ಸರಿದ.

“ಹೆದರ್ಬೇಡಿ. ಗುಲಾಬಿ ಗಿಡ ಬಿಟ್ಟು ಇನ್ಯಾರನ್ನೂ ಕುಯ್ದಿಲ್ಲ ಇದು.”

ನಗಬಾರದೆಂದು ತುಟಿ ಬಿಗಿಹಿಡಿದಿದ್ದಳು. ಕಣ್ಣು ಮಾತ್ರ ಆಗಲೇ ನಕ್ಕುಬಿಟ್ಟಿತ್ತು. ಸೇತುವೆಯಾಚೆಯ ನರ್ಸರಿಯಲ್ಲಿ ಅಪ್ಪನ ಜೊತೆ ಕಸಿ ಕಟ್ಟುವವಳು; ಬೆರಳ ತುಂಬ ಮುಳ್ಳಿನ ಗೀರು, ಉಗುರ ಸಂದಿಯಲ್ಲಿ ಮಣ್ಣು. ಅವಳ ಮಡಚುವ ಚಾಕುವಿನ ಸ್ಪ್ರಿಂಗ್ ಮುರಿದಿತ್ತು. ಅಲಗು ಸಾಣೆ ಹಿಡಿದೂ ಹಿಡಿದೂ ಕಡ್ಡಿಯಷ್ಟಾಗಿತ್ತು.

“ನಾನು ಬೀಗ ರಿಪೇರಿ ಮಾಡೋನು,” ಅಂದ.

“ಬೀಗದಲ್ಲೂ ಸ್ಪ್ರಿಂಗ್ ಇರುತ್ತಲ್ಲ?”

“ಇರುತ್ತೆ. ಆದ್ರೆ ಇದರ ಕಥೆ ಮುಗೀತು. ಹೊಸದು ಮಾಡಿಕೊಡ್ತೀನಿ ಬಿಡಿ.”

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ಗಾಬರಿಯಾಯಿತು. ಮೂವತ್ತಾರು ವರ್ಷದ ಬಾಳಿನಲ್ಲಿ ಅವನು ಒಂದೇ ಒಂದು ಚಾಕುವನ್ನೂ ಮಾಡಿದವನಲ್ಲ.

ಅವಳು ಪ್ರತಿ ಶನಿವಾರ ಮಧ್ಯಾಹ್ನ ಬಂದು ನೋಡಿಕೊಂಡು ಹೋಗುವುದೆಂದಾಯಿತು. ಅವನು ಹಳೆಯ ಗರಗಸದ ತಗಡಿನಲ್ಲಿ ಅಲಗು ಕತ್ತರಿಸಿ, ಅರದಿಂದ ಉಜ್ಜಿ, ಇದ್ದಿಲ ಕೆಂಡದಲ್ಲಿ ಕಾಯಿಸಿ ಎಣ್ಣೆಗೆ ಅದ್ದಿದ. ಟಿಣ್ ಅಂತ ಸೀಳಿತು. ಪಕ್ಕದ ಬೀದಿಯ ಲೇತ್ ಮೇಸ್ತ್ರಿ ತಲೆ ಚಚ್ಚಿಕೊಂಡು, “ಕಾದ ಅಲಗಿಗೆ ಅಯಸ್ಕಾಂತ ಅಂಟೋದು ನಿಂತ ಕೂಡ್ಲೇ ತೆಗಿಯಪ್ಪ, ರೊಟ್ಟಿ ಸುಡೋ ಹಾಗೆ ಸುಡಬೇಡ,” ಅಂದ. ಎರಡನೆಯದು ಸೀಳಲಿಲ್ಲ. ಮತ್ತೆ ಹದವಾಗಿ ಬಿಸಿ ಮಾಡಿ ಜೇನಿನ ಬಣ್ಣ ಬರಿಸಿದ. ಹಿತ್ತಾಳೆ ತಗಡು, ಸ್ಪ್ರಿಂಗು, ಮೂರು ಮೊಳೆ, ಮುರಿದ ಕುರ್ಚಿಕಾಲಿನ ಹಿಡಿ ಎಲ್ಲ ಕೂಡಿಸಿ ಅವಳ ಕೈಗಿಟ್ಟ.

ಅವಳು ತಿರುಗಿಸಿ ನೋಡಿದಳು. “ಚೆನ್ನಾಗಿದೆ. ಆದ್ರೆ ಬಲಗೈಯವರದ್ದು.”

ಕಸಿ ಚಾಕುವಿಗೆ ಒಂದೇ ಮಗ್ಗುಲಲ್ಲಿ ಸಾಣೆ. ಅವಳೋ ಎಡಚಿ. ಅಂಗಡಿಯಲ್ಲಿ ಸಿಗುವ ಚಾಕುಗಳೆಲ್ಲ ಅವಳ ಕೈಗೆ ಉಲ್ಟಾ.

“ಇಲ್ಲೇ ಕೂತು ಎರಡು ಸಲ ಕಡ್ಡಿ ಕುಯ್ದು ತೋರಿಸಿದೀನಿ. ಆಗ ಎಲ್ಲಿ ನೋಡ್ತಿದ್ರಿ?”

ಎಲ್ಲಿ ನೋಡುತ್ತಿದ್ದ ಎಂಬುದನ್ನು ಅವನ ಕೆಂಪಾದ ಕಿವಿಗಳೇ ಹೇಳಿಬಿಟ್ಟವು. ಅವಳು ಮುಖ ಆ ಕಡೆ ತಿರುಗಿಸಿ, ಗೋಡೆಯಲ್ಲಿ ತೂಗುಬಿಟ್ಟ ಬೀಗದ ಕೈಗಳನ್ನು ಎಣಿಸುವವಳ ಹಾಗೆ ಸುಮಾರು ಹೊತ್ತು ನಿಂತಳು.

ಮೂರನೆಯದು ಒಂದು ಶುಕ್ರವಾರ ಮುಗಿಯಿತು. ಬಿಚ್ಚಿದರೆ ಅಲುಗಾಟವಿಲ್ಲ, ಮಡಚಿದರೆ ಟಕ್. ಅಕ್ಕನನ್ನು ಕರೆದು ತೋರಿಸಿದ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅವನಿಗಿದ್ದದ್ದು ಅಕ್ಕನೊಬ್ಬಳೇ. ಖುಷಿಯಲ್ಲಿ ಹತ್ತು ಸಲ ಬಿಚ್ಚಿ ಮಡಚಿದ. ಹನ್ನೊಂದನೆಯ ಸಲ ಬಿಚ್ಚಿದವನು ಮಡಚಲಿಲ್ಲ. ನಾಳೆ ಬರುತ್ತಾಳೆ, ತೆಗೆದುಕೊಂಡು ಹೋಗುತ್ತಾಳೆ. ಆಮೇಲೆ? ಗುಲಾಬಿಯವಳಿಗೆ ಬೀಗದ ಅಂಗಡಿಯಲ್ಲಿ ಏನು ಕೆಲಸ?

ಅವನು ಮೊಳೆ ಹೊಡೆದು ತೆಗೆದು, ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದೊಂದು ಮೊಳೆ ಹಾಕಿದ.

“ಸ್ವಲ್ಪ ಸಡಿಲ ಅಲ್ವಾ?” ಅಂದಳು ಮರುದಿನ ಬಂದವಳು.

“ಹೌದು. ಮುಂದಿನ ಶನಿವಾರ ಬನ್ನಿ.”

ಮುಂದಿನ ಶನಿವಾರ ಸ್ಪ್ರಿಂಗು ಬಿಗಿಯಾಗಿತ್ತು. ಅದರ ಮುಂದಿನ ವಾರ ಹಿಡಿ ಒರಟಾಗಿತ್ತು. ಅವಳು ಸ್ಟೂಲೆಳೆದು ಕೂತು ಟೀ ಕುಡಿಯುತ್ತ, ಕಸಿ ಕೂಡಿತೋ ಇಲ್ಲವೋ ಎಂದು ದಿನಾ ಪಟ್ಟಿ ಬಿಚ್ಚಿ ಇಣುಕುವ ತನ್ನ ಅಪ್ಪನ ಕಥೆ ಹೇಳುತ್ತಿದ್ದಳು. ಕಣ್ಣು ಕೂಡಿದಾಗೆಲ್ಲ ಅವನು ಅರಕ್ಕೆ ಕೈ ಹಾಕುತ್ತಿದ್ದ.

“ಏನೋ, ಚಾಕು ಮಾಡ್ತಿದೀಯೋ, ಮದುವೆ ಆಗ್ತಿದೀಯೋ?” ಅಕ್ಕ ಕೇಳಿದಳು. “ಎರಡರಲ್ಲಿ ಒಂದನ್ನಾದ್ರೂ ಮುಗಿಸು ಮಾರಾಯ.”

“ಚಾಕು ಕೊಡೋ ದಿನ ಅವಳಿಗೆ ಹೇಳ್ತೀನಕ್ಕ.”

ಒಂದು ಶನಿವಾರ ಅವಳು ಟೀ ಕುಡಿಯಲಿಲ್ಲ. “ಮನೆಗೊಂದು ಸಂಬಂಧ ಬಂದಿದೆ,” ಅಂದಳು. “ಏನು ಹೇಳ್ಲಿ?”

ಕೇಳಿದ್ದು ನಗುತ್ತಲೇ. ಆದರೆ ಲೋಟ ಹಿಡಿದ ಬೆರಳು ಬೆಳ್ಳಗಾಗಿತ್ತು. ಅವನು ಅದನ್ನು ನೋಡಿದ. ನೋಡಿಯೂ ಅರವನ್ನು ಕೈಗೆತ್ತಿಕೊಂಡು, “ನಿಮ್ಮಪ್ಪ ಯೋಚನೆ ಮಾಡೇ ಇರ್ತಾರೆ,” ಅಂದುಬಿಟ್ಟ.

“ಹ್ಞೂಂ, ಮಾಡಿರ್ತಾರೆ,” ಅಂದಳು. ಲೋಟ ಕೆಳಗಿಟ್ಟು ಎದ್ದು ಹೋದಳು.

ಎರಡು ಶನಿವಾರ ಸ್ಟೂಲು ಖಾಲಿ. ಅವನು ಸರಿಯಾದ ಮೊಳೆ ಹಾಕಿ, ಅಲಗು ಉಜ್ಜಿ, ಸೇತುವೆಯವರೆಗೆ ಹೋಗಿ ಹೋಗಿ ವಾಪಸು ಬಂದ. ಮೂರನೆಯ ಶನಿವಾರ ಅವಳೇ ಬಂದಳು. ಕೂರಲಿಲ್ಲ.

“ಚಾಕು ಆಯ್ತಾ?”

ಕೊಟ್ಟ. ಅವಳು ಬ್ಯಾಗಿನಿಂದ ಹಸಿ ಕಡ್ಡಿಯೊಂದನ್ನು ತೆಗೆದು ಎಡಗೈಯಲ್ಲಿ ಒಂದೇ ಎಳೆತಕ್ಕೆ ಓರೆಯಾಗಿ ಕುಯ್ದಳು. ಕುಯ್ದ ಮೈ ಹಾಲಿನ ಕೆನೆಯಂತೆ ನುಣ್ಣಗಿತ್ತು.

“ಇದು ಎಂಟು ವಾರದ ಹಿಂದೇನೇ ಮುಗಿದಿತ್ತು,” ಅಂದ ಅವನು. “ನೀವು ಬರ್ತಾ ಇರ್ಲಿ ಅಂತ ನಾನೇ ಕೆಡಿಸ್ತಿದ್ದೆ.”

“ಗೊತ್ತು.”

“ಗೊತ್ತಿತ್ತಾ?”

“ಹನ್ನೆರಡು ವರ್ಷದಿಂದ ಕೈಯಲ್ಲಿ ಚಾಕು ಹಿಡಿದಿದೀನಿ. ಒಂದು ವಾರ ಸಡಿಲ, ಇನ್ನೊಂದು ವಾರ ಬಿಗಿ ಅಂದ್ರೆ ನಂಬ್ತೀನಾ? ಈ ವಾರ ಹೇಳ್ತಾರೆ, ಈ ವಾರ ಹೇಳ್ತಾರೆ ಅಂತ ಬರ್ತಾ ಇದ್ದೆ.”

“ಈಗ ಹೇಳ್ತಿದೀನಿ. ನೀವಂದ್ರೆ ನಂಗೆ ಜೀವ.”

ಅವಳು ಕುಯ್ದ ಕಡ್ಡಿಯನ್ನು ಕೌಂಟರಿನ ಮೇಲಿಟ್ಟಳು. “ಒಪ್ಕೊಂಡುಬಿಟ್ಟೆ ನಾನು.”

ಗಂಡು ಒಬ್ಬ ಶಾಲೆ ಮೇಷ್ಟ್ರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಐದು ವರ್ಷದ ಮಗಳಿದ್ದಳು.

“ಮೊನ್ನೆ ಅವರ ಮನೆಯಿಂದ ಹೊರಡುವಾಗ ಆ ಮಗು ನನ್ನ ಕೈ ಬಿಡಲೇ ಇಲ್ಲ. ಯಾವಾಗ ಬರ್ತೀಯ, ಯಾವಾಗ ಬರ್ತೀಯ ಅಂತ ಒಂದೇ ರಾಗ. ದಿನ ಹೇಳಿದೀನಿ. ಬೆರಳು ಮಡಚಿ ಎಣಿಸ್ತಾ ಇದೆಯಂತೆ. ಹೇಳಿ, ಬರಲ್ಲ ಅಂತ ಅದಕ್ಕೆ ಹೇಗೆ ಹೇಳ್ಲಿ?”

ಅವನಿಗೆ ಬೇಡಿಕೊಳ್ಳುವುದಕ್ಕೆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಈ ಸಲ ಮಾತ್ರ ಅದು ಹೆದರಿಕೆಯಿಂದ ನಿಲ್ಲಲಿಲ್ಲ; ಅವನೇ ನಿಲ್ಲಿಸಿದ.

“ಹೇಳ್ಬೇಡಿ,” ಅಂದ. “ಹೋಗಿ.”

ಅವಳು ಅರ ತಾಗಿ ಗಾಯವಾದ ಅವನ ಕೈಯನ್ನು ಎರಡೂ ಕೈಯಿಂದ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆ ಒದ್ದೆಯಾಗಿತ್ತು. ಆಮೇಲೆ ಚಾಕು ಮಡಚಿ ಬ್ಯಾಗಿಗೆ ಹಾಕಿಕೊಂಡು ಬೀದಿಗಿಳಿದಳು. ತಿರುವಿನ ತನಕ ಬೇಗ ಬೇಗ ನಡೆದಳು. ತಿರುವಿನಲ್ಲಿ ನಿಂತಳು. ಹಿಂದೆ ನೋಡದೆ ಹೋದಳು.

ಅಕ್ಕ ಒಳಬಾಗಿಲಲ್ಲಿ ನಿಂತಿದ್ದಳು. “ಹೇಳಿದ್ಯಾ?”

“ಹೇಳಿದೆ ಅಕ್ಕ. ತಡವಾಗಿ ಹೇಳಿದೆ.”

ಅವನು ಸ್ಟೂಲಿನ ಮೇಲೆ ಕೂತ. ಅಷ್ಟರಲ್ಲಿ ಸೂಟ್‌ಕೇಸ್ ಹಿಡಿದ ಗಿರಾಕಿಯೊಬ್ಬ ಬಂದು, ಬೀಗ ತೆಗೆಯಲು ಬರುತ್ತಿಲ್ಲ ಎಂದು ಕೌಂಟರು ಬಡಿದ. ಹದಿನೈದು ವರ್ಷದಲ್ಲಿ ಅಂಗಡಿಯ ವ್ಯವಹಾರಕ್ಕೆ ಒಂದು ದಿನವೂ ತಲೆಹಾಕದ ಅಕ್ಕ ತಮ್ಮನನ್ನು ಮರೆ ಮಾಡಿ ನಿಂತಳು.

“ನಾಳೆ ಬನ್ನಿಪ್ಪ,” ಅಂದಳು. “ಇವತ್ತು ಅವನಿಗೆ ಕೈ ಓಡಲ್ಲ.”

ಹಾಗೆಂದವಳೇ ಎರಡೂ ಕೈಯಿಂದ ಶಟರ್ ಎಳೆದು, ಒಳಗಿನ ಕತ್ತಲೆಯಲ್ಲಿ ತಡಕಾಡುತ್ತ ಬಂದು, ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.