ಹಳಿಯ ಪಕ್ಕದ ಪೊದೆ

“ಶ್... ಎಲ್ಲರೂ ಬಾಯಿ ಮುಚ್ಚಿ,” ಎಂದರು ಮಿಸೆಸ್ ಟ್ರೌಟ್‌ಮನ್.

ಹಳದಿ ಸ್ಕೂಲ್ ಬಸ್ಸು ರೈಲು ಹಳಿಯ ಮುಂದೆ ನಿಂತಿತು. ಬಾಗಿಲು ತೆರೆಯಿತು. ಮಿಸೆಸ್ ಟ್ರೌಟ್‌ಮನ್ ಹನ್ನೆರಡು ವರ್ಷದಿಂದ ಈ ಬಸ್ಸು ಓಡಿಸುತ್ತಿದ್ದಾರೆ. ದಿನಾ ಇಲ್ಲಿ ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಆಮೇಲೇ ಹಳಿ ದಾಟಿಸುತ್ತಾರೆ.

ಟಿಲ್ಡಾ ಕೊನೆಯ ಸೀಟಿನಲ್ಲಿ ಮುದುಡಿ ಕೂತಿದ್ದಳು. ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಗೆಳತಿ ಇಂಗ್ರಿಡ್ ಒಬ್ಬಳೇ. ನಿನ್ನೆ ಬೆಳಗಿನವರೆಗೂ ಇಬ್ಬರೂ ಅಲ್ಲೇ ಜೊತೆಗೆ ಕೂರುತ್ತಿದ್ದರು.

ಸ್ನೇಹ ಕೆಟ್ಟದ್ದು ನಿನ್ನೆ ಮಧ್ಯಾಹ್ನ, ಸ್ಕೂಲಿನ ಊಟದ ಹಾಲ್‌ನಲ್ಲಿ.

ಒಂದೂವರೆ ವರ್ಷದ ಹಿಂದೆ ಇಂಗ್ರಿಡ್‌ಳ ಅಜ್ಜ ಆರ್ವಿಡ್ ಇದೇ ಹಳಿ ದಾಟುವಾಗ ಅವರ ಪಿಕಪ್ ಗಾಡಿಗೆ ಗೂಡ್ಸ್ ರೈಲು ಬಡಿದಿತ್ತು. ಅಜ್ಜ ಬದುಕಿಕೊಂಡರು, ಆದರೆ ಒಂದು ಕಾಲು ಹೋಯಿತು. ರೈಲು ಕಂಪನಿಯ ಮೇಲೆ ಅವರು ಹಾಕಿದ ಕೇಸು ಈಗ ಕೋರ್ಟಿಗೆ ಬಂದಿತ್ತು. ಟಿಲ್ಡಾಳ ಅಪ್ಪ ವರ್ನ್ ಬ್ರುಬೇಕರ್ ಅದೇ ಕಂಪನಿಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು.

“ನಿಮ್ಮಪ್ಪನ ಕಂಪನಿಗೆ ಇದೆ ಈಗ ಹಬ್ಬ,” ಎಂದು ಅವರ ಕ್ಲಾಸಿನ ಡಾರೆಲ್ ಟಿಲ್ಡಾಳನ್ನು ಕೆಣಕಿದ.

ಟಿಲ್ಡಾಗೆ ಸಿಟ್ಟು ಬಂತು. “ರೈಲೇನು ಇವಳಜ್ಜನ್ನ ಹುಡುಕ್ಕೊಂಡು ಬಂತಾ? ಅಷ್ಟುದ್ದ ರೈಲು ಕಾಣಲ್ಲ ಅಂದ್ರೆ ಕನ್ನಡಕ ಬದಲಾಯಿಸ್ಬೇಕು. ಕೇಸ್ ಹಾಕೋದಲ್ಲ.”

ಇಡೀ ಟೇಬಲ್ ನಕ್ಕಿತು. ಇಂಗ್ರಿಡ್ ಎದ್ದು ಹೋದಳು.

ಕನ್ನಡಕದ ಮಾತು ಟಿಲ್ಡಾಳದಲ್ಲ. ಮನೆಯಲ್ಲಿ ಅಪ್ಪ ಹೇಳಿದ್ದು. ಆದರೆ ನಿಜ ಏನೆಂದು ಟಿಲ್ಡಾಗೆ ಗೊತ್ತಿತ್ತು. ಅಪಘಾತದ ಮೇಲೆ ಕಡಿಸಿದ್ದರಿಂದ ಈಗ ಹಳಿಯ ಎರಡೂ ಕಡೆ ಬಯಲು, ಆಗ ಹಾಗಿರಲಿಲ್ಲ. ಬಸ್ಸಿಗಿಂತ ಎತ್ತರ ಪೊದೆ ಬೆಳೆದಿತ್ತು. ಗೇಟಿಲ್ಲ, ಕೆಂಪು ದೀಪವಿಲ್ಲ, ಇದ್ದ ಒಂದು ಎಚ್ಚರಿಕೆಯ ಹಲಗೆಯೂ ಎಲೆಗಳೊಳಗೆ ಮುಚ್ಚಿಹೋಗಿತ್ತು. “ಕಣ್ಣಿಗಂತೂ ಏನೂ ಕಾಣಲ್ಲ, ಕಿವಿನಾದ್ರೂ ಕೆಲ್ಸ ಮಾಡ್ಲಿ,” ಎಂದು ಮಿಸೆಸ್ ಟ್ರೌಟ್‌ಮನ್ ದಿನಾ ಗೊಣಗುತ್ತಿದ್ದರು.

ಶುಕ್ರವಾರ ಟೀಚರುಗಳ ಮೀಟಿಂಗ್, ಸ್ಕೂಲಿಗೆ ರಜೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಪ್ಪ ಆರ್ವಿಡ್ ಅಜ್ಜನ ಕೇಸಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಹಾಗಾಗಿ ಟಿಲ್ಡಾಳೂ ಕೋರ್ಟಿಗೆ ಹೋದಳು. “ಹೊರಗೆ ಬೆಂಚಿನ ಮೇಲೆ ಕೂತ್ಕೋ,” ಎಂದಿದ್ದರು ಅಪ್ಪ. ಆದರೆ ಅವರು ಒಳಗೆ ಹೋದ ಮೇಲೆ ಅವಳೂ ಮೆಲ್ಲಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಆರ್ವಿಡ್ ಅಜ್ಜನ ಕಡೆಯ ವಕೀಲೆ ಎದ್ದು ನಿಂತರು. “ಮಿಸ್ಟರ್ ಬ್ರುಬೇಕರ್, ಆ ಪೊದೆ ಕಡಿಸೋದು ಯಾರ ಕೆಲಸ?”

“ಕಂಪನೀದು.”

“ಕಡಿಸ್ಬೇಕು ಅಂತ ನೀವು ಮೇಲಿನವರಿಗೆ ಹೇಳಿದ್ರಾ?”

“ಬರೆದೇ ಕೊಟ್ಟಿದ್ದೆ. ನಾಲ್ಕು ಸಲ.”

“ಅವರೇನಂದ್ರು?”

“ಈ ವರ್ಷ ಆಗಲ್ಲ, ಮುಂದಿನ ವರ್ಷ ನೋಡೋಣ ಅಂದ್ರು. ನಾಲ್ಕು ಸಲಾನೂ.”

ವಕೀಲೆ ಒಂದು ಕಾಗದ ಎತ್ತಿ ತೋರಿಸಿದರು. “ಆದರೆ ಅಪಘಾತ ಆದ ದಿನ, ರೈಲು ಬರೋದು ಚೆನ್ನಾಗಿ ಕಾಣ್ತಿತ್ತು ಅಂತ ಸಹಿ ಹಾಕಿದ್ದೀರಿ.”

ಅಪ್ಪ ಆ ಕಾಗದ ನೋಡಿದರು. ಹಿಂದಿನ ಸಾಲಿಗೂ ಕಾಣುವ ಹಾಗೆ ಅವರ ಕಿವಿ ಕೆಂಪಾದವು.

“ಹಾಕಿದ್ದೆ. ಕೆಲಸ ಹೋಗುತ್ತೆ ಅಂತ ಭಯ ಇತ್ತು. ಅದು ಸುಳ್ಳು.” ಅವರು ವಕೀಲೆಯ ಕಡೆ ತಿರುಗಿದರು. “ಮನೇಲೂ ಅದೇ ಸುಳ್ಳು ಹೇಳಿದೆ. ನನ್ನ ಮಗಳ ಮುಂದೆ.”

ಟಿಲ್ಡಾ ತಲೆ ತಗ್ಗಿಸಿದಳು. ಎದುರಿನ ಬೆಂಚಿನ ಕೆಳಗೆ ತೂರಿಕೊಳ್ಳುವಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮನೆಗೆ ಹೋಗುವಾಗ ಕಾರಿನಲ್ಲಿ ಅವಳೇ ಕೇಳಿದಳು. “ಅಪ್ಪಾ, ಈಗ ಕೋರ್ಟಿನವರು ಏನ್ಮಾಡ್ತಾರೆ?”

ಅವಳು ಒಳಗೆ ಇದ್ದದ್ದು ಅಪ್ಪನಿಗೆ ಅರ್ಥವಾಯಿತು. ಬೈಯಲಿಲ್ಲ. “ಆರ್ವಿಡ್ ಎರಡು ಥರದ ದುಡ್ಡು ಕೇಳ್ತಿದ್ದಾರೆ. ಒಂದು, ಕಾಲು ಹೋಗಿದ್ದಕ್ಕೆ, ಆಸ್ಪತ್ರೆಗೆ. ಇನ್ನೊಂದು, ಕಂಪನಿಗೆ ಶಿಕ್ಷೆ ಅಂತ.”

“ಎರಡ್ಯಾಕೆ?”

“ಗೊತ್ತಿಲ್ದೆ ಆಗಿದ್ರೆ ಒಂದೇ ಸಾಕು. ಇವರು ಗೊತ್ತಿದ್ದೂ ಸುಮ್ಮನಿದ್ರಲ್ಲ. ನಷ್ಟ ಕಟ್ಟಿ ಕೈತೊಳ್ಕೊಂಡ್ರೆ ಇನ್ನೊಂದು ಕಡೆ ಮತ್ತೆ ಪೊದೆ ಹಾಗೇ ಬಿಡ್ತಾರೆ.”

ಗೊತ್ತಿದ್ದೂ ಅನ್ನುವ ಮಾತು ಟಿಲ್ಡಾಗೂ ತಾಗಿತು. ಅವಳು ಊಟದ ಹಾಲ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಅಪ್ಪ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದರು. “ಆ ಮಾತು ನಿನಗೆ ಕಲಿಸಿದ್ದು ನಾನು ಕಣೇ.”

“ನಂಗೂ ಗೊತ್ತಿತ್ತಲ್ಲಪ್ಪ. ದಿನಾ ಬಸ್ಸಲ್ಲಿ ನೋಡ್ತಿದ್ದೆ.”

ಶನಿವಾರ ಟಿಲ್ಡಾ ಸೈಕಲ್ ತುಳಿದುಕೊಂಡು ಇಂಗ್ರಿಡ್ ಮನೆಗೆ ಹೋದಳು. ಇಂಗ್ರಿಡ್ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಎದ್ದೇಳಲಿಲ್ಲ.

“ಸಾರಿ ಇಂಗ್ರಿಡ್.”

“ಪೊದೆ ಇದ್ದಿದ್ದು ನಿಂಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ಯಾಕೆ ಹಂಗಂದೆ?”

ಟಿಲ್ಡಾ ಸೈಕಲ್ಲಿನ ಹ್ಯಾಂಡಲ್ ನೋಡುತ್ತ ನಿಂತಳು. “ಎಲ್ರೂ ನಗ್ತಾರೆ ಅಂತ.”

“ನಕ್ರಲ್ಲ,” ಎಂದಳು ಇಂಗ್ರಿಡ್. “ನಿನ್ನೆ ಡಾರೆಲ್ ಅಜ್ಜನ್ನ ನೋಡಿ ಅಂಗಡಿ ಹತ್ರ ‘ಕನ್ನಡಕಾ’ ಅಂತ ಕೂಗಿದ. ಅಜ್ಜ ಸಾಮಾನು ತಗೊಳ್ದೆ ವಾಪಸ್ ಬಂದ್ರು.”

ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಊಟದ ಹಾಲ್‌ನಲ್ಲಿ ತಾನು ಅಂದದ್ದು ಸುಳ್ಳು ಎಂದು ಎಲ್ಲರ ಮುಂದೆ ಹೇಳಿಬಿಡಬೇಕು ಅಂದುಕೊಂಡಳು ಟಿಲ್ಡಾ. ಧೈರ್ಯ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ತೀರ್ಪೇ ಬಂತು. ತಪ್ಪು ಕಂಪನಿಯದ್ದು, ಎರಡೂ ಥರದ ದುಡ್ಡು ಕೊಡಬೇಕು ಎಂದು. ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದರು ಕಂಪನಿಯವರು. ಆದರೂ ಪಕ್ಕದೂರಿನ ಹಳಿಗಳ ಹತ್ತಿರ ಪೊದೆ ಕಡಿಯುವ ಯಂತ್ರಗಳು ಬಂದವಂತೆ. ಅಪ್ಪನನ್ನು ಅರವತ್ತು ಮೈಲಿ ದೂರಕ್ಕೆ ವರ್ಗ ಮಾಡಿದರು.

ಗುರುವಾರ ಊಟದ ಹಾಲ್‌ನಲ್ಲಿ ಎಲ್ಲರೂ ಇಂಗ್ರಿಡ್ ಸುತ್ತ ಕೂತಿದ್ದರು. ಡಾರೆಲ್ ಕೂಡ. ಕನ್ನಡಕದ ಮಾತು ಯಾರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ. ಟಿಲ್ಡಾ ಸುಮ್ಮನೆ ಊಟ ಮಾಡಿ ಹೋಗಬಹುದಿತ್ತು.

ಅವಳು ಎದ್ದು ನಿಂತಳು.

“ಇಂಗ್ರಿಡ್ ಅಜ್ಜಂಗೆ ರೈಲು ಕಾಣ್ತಿತ್ತು ಅಂತ ನಾನು ಹೇಳಿದ್ದು ಸುಳ್ಳು,” ಎಂದಳು. ದನಿ ಸಣ್ಣದಾಗಿತ್ತು. ಇನ್ನೊಮ್ಮೆ ಜೋರಾಗಿ ಹೇಳಿದಳು. “ಕಾಣ್ತಿರ್ಲಿಲ್ಲ. ನಂಗದು ಗೊತ್ತಿತ್ತು. ಗೊತ್ತಿದ್ದೇ ಹೇಳ್ದೆ.”

“ತೀರ್ಪು ಬಂತಲ್ಲ,” ಎಂದ ಡಾರೆಲ್. “ಈಗ್ಯಾಕೆ ಇದೆಲ್ಲ?”

ಯಾಕೆ ಅಂತ ಟಿಲ್ಡಾಗೆ ಗೊತ್ತಿತ್ತು. ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬಂದ ಅಜ್ಜ ನೆನಪಾದರು. ಅವನ ಎದುರಿಗೇ ಕೂತು, ತಣ್ಣಗಾದ ಸೂಪಿಗೆ ಚಮಚ ಹಾಕಿದಳು.

ಇಂಗ್ರಿಡ್ ಅವಳ ಕಡೆ ನೋಡಲಿಲ್ಲ. ಎದ್ದೂ ಹೋಗಲಿಲ್ಲ.