ನನ್ನ ಅಳತಿ ನನಗ ಕೇಳ್ರಿ

"ಇದು ಯಾರ ಅಳತೀರಿ?"

ಉದಗೀರದ ಬಟ್ಟೆ ಅಂಗಡಿಯೊಂದರ ಬಿಳಿ ಗಾದಿಯ ಮೇಲೆ ಹಸಿರು ರೇಷ್ಮೆ ಬ್ಲೌಸೊಂದು ಬಂದು ಬಿತ್ತು. ಸೀರೆ ಆರಿಸುತ್ತಿದ್ದ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ತಿರುಗಿದರು. ಗಾದಿಯ ಮೇಲಿದ್ದ ಅಂಗಡಿಯ ಮಾಲೀಕ ನಾಗನಾಥ ಗಡಬಡಿಸಿ ಎದ್ದು ನಿಂತ.

ಸಾರಿಕಾ! ಹಿರಿಯರು ಅವರಿಬ್ಬರ ಲಗ್ನ ಗೊತ್ತು ಮಾಡಿದ ಮೇಲೆ ಆ ಧ್ವನಿಯನ್ನು ಅವನು ಫೋನಿನಲ್ಲಿ ದಿನವೂ ಕೇಳಿದ್ದ. ಆದರೆ ಅವಳು ಹೀಗೆ ಎದುರಿಗೆ ಬಂದು ನಿಂತದ್ದು ಇದೇ ಮೊದಲು. ಕಣ್ಣು ಕೆಂಪಾಗಿದ್ದವು. ಮೂಗಿನ ತುದಿಯೂ ಕೆಂಪಾಗಿತ್ತು.

"ಕೇಳ್ಲಾಕ್ಹತ್ತೀನಲ್ಲ! ಯಾರ ಅಳತಿ ಇದು? ನಿಮ್ಮ ಕನಸಿನ್ಯಾಗಿನ ಹುಡುಗೀದೇನು?"

"ಒಳಗ ಬರ್ರಿ... ಕೂತು ಮಾತಾಡೂಣು."

"ಯಾಕ್ರಿ? ನಿನ್ನೆ ನಾಲ್ಕು ಮಂದಿ ಮುಂದ ನಾ ಇದನ್ನ ತೊಟ್ಟು ನೋಡ್ಬೇಕಾಯ್ತು. ಇವತ್ತ ನಾಲ್ಕು ಮಂದಿ ಮುಂದ ನೀವು ಜವಾಬ ಕೊಡ್ರಿ!"

"ಕಾಯ್ ಝಾಲಂ ಗ?" ಏನಾಯಿತೇ ಎಂದು ಮೂಲೆಯ ಮುದುಕಿ ಮರಾಠಿಯಲ್ಲಿ ಕೇಳುತ್ತ ಪಕ್ಕದವಳನ್ನು ತಿವಿದಳು.

ನಾಗನಾಥನ ತುಟಿ ಅಲುಗಿತು. ಏನೋ ಹೇಳಹೊರಟವನು ಅದನ್ನು ಹಾಗೇ ನುಂಗಿಕೊಂಡ.

"ತಪ್ಪು ನಂದೇ... ಬ್ಯಾರೆ ಹೊಲಿಸಿ ಕಳಸ್ತೀನಿ."

"ಬ್ಯಾರೆ ಬ್ಲೌಸ್ ಬ್ಯಾಡ. ಬ್ಯಾರೆ ಹುಡುಗೀನ್ನ ನೋಡ್ಕೋರಿ!"

ಹೇಳಿದವಳೇ ಹೊರಟುಬಿಟ್ಟಳು. ತನ್ನೂರು ನಿಲಂಗಾದ ಬಸ್ಸು ಹತ್ತಿ ಕಿಟಕಿಗೆ ಮುಖ ಮಾಡಿ ಕೂತಳು.

*'ಇಷ್ಟ ಆದಾಂವನ ಮುಂದೇ ಹಿಂಗ ಕೂಗಾಡಿ ಬಂದೆನಲ್ಲ...'*

ಕೂಗಾಡದೆ ಏನು ಮಾಡಬೇಕಿತ್ತು, ನೀವೇ ಹೇಳಿ! ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಬರುವ ಶುಕ್ರವಾರ. ಅದಕ್ಕೆ ಗಂಡಿನ ಮನೆಯಿಂದ ಸೀರೆ, ಹೊಲಿಸಿದ ಬ್ಲೌಸು ಬರುವುದು ಪದ್ಧತಿ. ಬಂದದ್ದೇ ತಡ, "ತೊಡು ತೊಡು" ಎಂದು ಎಲ್ಲರೂ ಗಂಟುಬಿದ್ದರು. ತೋಳು ಮೊಣಕೈಯಿಂದ ಮೇಲೆ ಏರಲಿಲ್ಲ. ಪಕ್ಕದ ಮನೆಯ ಗೌರಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಗಬಾಯಿ! ಆಪರೇಶನ್ ಫೇಲ್ ಆಯ್ತೇನ ಸಾರಿಕಾ?"

ಫೇಲಂತೆ! ಪರೀಕ್ಷೆ ಬರೆದವಳು ಇವಳು, ಅಂಕ ಕೊಡುವವರು ಓಣಿಯವರು.

ಸಾರಿಕಾ ಜಠರ ಸಣ್ಣದು ಮಾಡುವ ಆಪರೇಶನ್ ಮಾಡಿಸಿಕೊಂಡದ್ದು ಯಾರಿಗೂ ಚಂದ ಕಾಣಲಿಕ್ಕಲ್ಲ. ರಕ್ತದಲ್ಲಿ ಸಕ್ಕರೆ ಏರಿತ್ತು, ಮೆಟ್ಟಿಲು ಹತ್ತಿದರೆ ಮೊಣಕಾಲು ಜೀವ ತಿನ್ನುತ್ತಿದ್ದವು. ಮೊದಲ ತಿಂಗಳುಗಳಲ್ಲಿ ತೂಕ ಸರ್ರನೆ ಇಳಿಯಿತು. ಆಗಲೇ ಉದಗೀರದ ಸಂಬಂಧವೂ ಬಂತು, ಮನೆಯಲ್ಲಿ ಹಬ್ಬವೋ ಹಬ್ಬ! ಆಮೇಲೆ ಒಂದು ದಿನ ತೂಕದ ಮಷೀನಿನ ಮುಳ್ಳು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು.

"ಶರೀರ ಹೊಸ ಊಟಕ್ಕೆ ಹೊಂದಿಕೊಳ್ಳುತ್ತಿದೆ. ಹೀಗೆ ನಿಲ್ಲುವುದು ಸಹಜ, ಹೆದರಬೇಡಿ. ಪ್ರೋಟೀನ್ ಬಿಡಬೇಡಿ, ನಡಿಗೆ ಬಿಡಬೇಡಿ" ಎಂದಿದ್ದರು ಡಾಕ್ಟರು. ಬೆಳಗ್ಗೆ ನೀಲಕಂಠೇಶ್ವರ ಗುಡಿಯವರೆಗೆ ನಡೆದಳು. ಸಣ್ಣ ಬಟ್ಟಲಲ್ಲಿ ಗಟ್ಟಿ ಬೇಳೆ ತಿಂದಳು. ಮುಳ್ಳು ಮಾತ್ರ ಕದಲಲಿಲ್ಲ.

ಅವಳ ತಾಯಿ ಮಂಗಲಾ ಮಾಡಿದ್ದೇನು ಗೊತ್ತೇ? ಮಗಳ ಪ್ರೋಟೀನ್ ಪೌಡರಿನ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಳು! "ಪೈಲ್ವಾನರು ಇದನ್ನ ಕುಡದೇ ದಪ್ಪ ಆಗ್ತಾರ. ನಿನಗ ಯಾಕ?" ಎಂದಳು. ಪ್ರೋಟೀನ್ ಸಾಲದೆ ಮಗಳ ತಲೆಗೂದಲು ಬಾಚಣಿಕೆಗೆ ಉಂಡೆಯಾಗಿ ಬರುತ್ತಿತ್ತು. ಓಣಿಯವರದು ಇನ್ನೊಂದು ವರಾತ. "ಕದ್ದು ತಿಂತಾಳೇನೋ." ಮದುವೆಯ ಊಟದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಸುರಿದು "ಇನ್ನೊಂದ ತಿನ್ನವ್ವ" ಎಂದು ಪೀಡಿಸುತ್ತಿದ್ದದ್ದೂ ಇದೇ ಬಾಯಿಗಳೇ!

ಹಾಗೆ ತೂಕ ನಿಂತ ಮಾತನ್ನು ಸಾರಿಕಾ ಮನಸ್ಸು ಬಿಚ್ಚಿ ಹೇಳಿಕೊಂಡದ್ದು ನಾಗನಾಥನೊಬ್ಬನಿಗೇ. ಅಂದು ಅವನು ಸುಮ್ಮನೆ ಕೇಳಿಸಿಕೊಂಡಿದ್ದ. ಆಮೇಲೆ ಈ ಬ್ಲೌಸು ಬಂತು. ಬಾಯಿಂದ ಹೇಳಲಾಗದ್ದನ್ನು ಬಟ್ಟೆಯಲ್ಲಿ ಹೇಳಿ ಕಳಿಸಿದ ಎಂದುಕೊಂಡಳು. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು.

ತೊಂಬತ್ಮೂರರ ಭೂಕಂಪದ ಮರುವರ್ಷ ಅಜ್ಜ ಕಟ್ಟಿಸಿದ ಮನೆಯ ಹೊಸ್ತಿಲಲ್ಲೇ ತಾಯಿ ಕಾಯುತ್ತಿದ್ದಳು.

"ಲಗ್ನ ಮುರಕೊಂಡ ಬಂದೀನಿ, ಅವ್ವಾ."

ಮಂಗಲಾ ಹಣೆ ಬಡಿದುಕೊಂಡು ಅಲ್ಲೇ ಕೂತಳು. "ಏನ ಮಾಡ್ದಿ ಪೋರಿ... ಅಂವಂದೇನೂ ತಪ್ಪಿಲ್ಲ! ಆ ಅಳತಿ ಕೊಟ್ಟಾಕಿ ನಾ!"

"ಏನಂದಿ?"

"ಅಂವ ಫೋನ್ ಮಾಡಿ ಕೇಳ್ದ. ಸಾಖರಪುಡಾ ತನಕ ನೀ ಇನ್ನಷ್ಟು ಇಳೀತಿ ಅಂದ್ಕೊಂಡು ಸಣ್ಣ ಅಳತಿ ಹೇಳ್ದೆ. 'ಕಾಕು, ಇದು ಆಕಿಗಿ ಬರಾಂಗಿಲ್ಲ' ಅಂದ. ನಾನೇ ಬಸವಣ್ಣನ ಆಣಿ ಹಾಕಿ ಅಂವನ ಬಾಯಿ ಕಟ್ಟೀನಿ. ನಿನ್ನ ತೂಕ ನಿಂತದ್ದು ಬೀಗರಿಗಿ ತಿಳೀಬಾರ್ದು ಅಂತ... ನಮ್ಮ ಮರ್ಯಾದಿ ಸಲುವಾಗಿ..."

ಸಾರಿಕಾ ತಾಯಿಯ ಎದುರಿಗೆ ಬಂದು ನಿಂತಳು.

"ಮೊಣಕಾಲು ನಂದು, ಸಕ್ಕರಿ ರೋಗ ನಂದು, ಹೊಟ್ಟಿ ಕೊಯ್ಸಿಕೊಂಡಾಕಿ ನಾನು. ಅದರಾಗ ನಿನ್ನ ಮರ್ಯಾದಿ ಎಲ್ಲಿ ಬಂತವ್ವ? ನನ್ನ ಮೈ ಅಂದ್ರ ನಿನಗ ನಾಚಿಕಿಯೇನು?"

ಮಂಗಲಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ಎದ್ದು, ಸ್ಟೂಲು ಹಾಕಿ, ಅಟ್ಟದಿಂದ ಡಬ್ಬಿ ಇಳಿಸಿ ಮಗಳ ಮುಂದಿಟ್ಟಳು. "ತಪ್ಪಾಯ್ತು. ನನಗ ಸಮಜಾಗ್ಲಿಲ್ಲ" ಎಂದಳು. ಮಗಳು ತಾಯಿಯ ಕೈ ಹಿಡಿದಳು.

ಮರುದಿನ ಅಪ್ಪ ಔರಾದ ಶಹಾಜನಿಯ ಸಂತೆಗೆ ಹೋಗಿದ್ದರಿಂದ ಅವರ ಕಿರಾಣಿ ಅಂಗಡಿಯಲ್ಲಿ ಸಾರಿಕಾಳೇ ಕೂತಿದ್ದಳು. ಗೌರಾಬಾಯಿ ಬೆಲ್ಲ ಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನಾಗನಾಥ!

*'ಬಂದನಲ್ಲ...'* ಮುಖ ಮಾತ್ರ ಗಟ್ಟಿ ಮಾಡಿಕೊಂಡಳು.

"ಅವ್ವ ಎಲ್ಲಾ ಹೇಳ್ಯಾಳ" ಎಂದಳು. "ಖರೆ ಏನ್ರಿ? ಬರಾಂಗಿಲ್ಲಂತ ಗೊತ್ತಿದ್ದೂ ಹೊಲಿಸಿದ್ರೇನು?"

"ಹೌದು. ಹಿರಿಯರು, ಆಣಿ ಹಾಕಿದ್ರು. ಅವರ ಮರ್ಯಾದಿ ಉಳೀಲಿ ಅಂತ..."

"ಮತ್ತ ನಂದು?"

ನಾಗನಾಥ ತಲೆ ತಗ್ಗಿಸಿದ. "ಅದು ನನಗ ಹೊಳೀಲೇ ಇಲ್ಲ. ನಿನ್ನೆ ನೀವು ಹೋದ ಮ್ಯಾಲೆ ಹೊಳೀತು. ರಾತ್ರಿ ನಿದ್ದಿ ಹತ್ತಿಲ್ಲ, ಸಾರಿಕಾ. ನೀವು ಹ್ಯಾಂಗಿದ್ರೂ ನನಗ ನಡಿತದ..."

"ನಡಿತದ ಅಂದ್ರ? ಉಪಕಾರ ಮಾಡ್ಲಾಕ್ಹತ್ತೀರೇನು?" ಸಾರಿಕಾ ಸಿಡಿದೆದ್ದಳು. "ಆ ಮುಳ್ಳು ನಾಳೆ ಇಳೀತದೋ, ಹಿಂಗೇ ನಿಲ್ತದೋ, ತಿರುಗಿ ಮ್ಯಾಲೇ ಏರ್ತದೋ ನನಗ ಗೊತ್ತಿಲ್ಲ. ಬೇಳಿ ತಿಂತೀನಿ, ನಡೀತೀನಿ, ಡಾಕ್ಟರ್ ಹೇಳಿದ್ದು ಮಾಡ್ತೀನಿ. ಅಷ್ಟೇ ನನ್ನ ಕೈಯಾಗ ಇರೂದು. ಅದಕ್ಕ ಯಾರೂ ಮಾಫಿ ಕೊಡೂದು ಬ್ಯಾಡ!"

"ಹಂಗಾದ್ರ ನಾ ಏನ ಹೇಳ್ಬೇಕ್ರಿ?"

"ಹೇಳಬ್ಯಾಡ್ರಿ. ಕೇಳ್ರಿ! ಅಳತಿ ಅವ್ವಗ ಕೇಳಿದ್ರಿ. ಲಗ್ನಕ್ಕ ಅಪ್ಪಗ ಕೇಳಿದ್ರಿ. ನನಗ ಏನ ಕೇಳೀರಿ?"

ಗೌರಾಬಾಯಿಯ ಕೈಯ ಬೆಲ್ಲದ ಪುಡಿಕೆ ಅಲ್ಲೇ ನಿಂತಿತ್ತು. ನಾಗನಾಥ ಅವಳತ್ತ ನೋಡಲಿಲ್ಲ. ಚಪ್ಪಲಿ ಕಳೆದು ಒಳಗೆ ಬಂದ.

"ಗೌರಾ ಕಾಕು ಹೋಗ್ಲಿ, ಆಮ್ಯಾಲೆ..." ಸಾರಿಕಾಳೇ ಈಗ ಮೆಲ್ಲಗೆ ಅಂದಳು.

"ಇರ್ಲಿ, ಕೇಳ್ಲಿ. ಎರಡು ವರ್ಷದ ಹಿಂದ ಉಮರಗಾದಾಗ ಒಂದು ಲಗ್ನ ಇತ್ತು. ಮುದುಕ್ಯಾರ ಪಂಕ್ತಿ ಬಿಟ್ಟು ಗಂಡಸರಿಗಿ ಮೊದಲ ಬಡಸ್ಲಾಕ್ಹತ್ತಿದ್ರಂತ ನೀವು ಬಡಿಸೋರ ಕೈಯಾಗಿನ ಬುಟ್ಟಿ ಕಸ್ಕೊಂಡ್ರಿ. ಮಂಟಪ ಮಂಟಪೇ ಸುಮ್ಮಾಯ್ತು. ನಾ ಗ್ವಾಡಿ ಹತ್ರ ನಿಂತು ನೋಡ್ಲಾಕ್ಹತ್ತಿದ್ದೆ. ಆವತ್ತೇ ಮನಸ್ಸಿನ್ಯಾಗ ಅಂದ್ಕೊಂಡೆ... ಲಗ್ನ ಆದ್ರ ಈಕೀನ್ನೇ ಆಗ್ಬೇಕು."

ಎರಡು ವರ್ಷ! ಆಪರೇಶನ್ನಿನ ಹೆಸರೂ ಇಲ್ಲದಾಗ, ಅವಳು ಎಲ್ಲಕ್ಕಿಂತ ದಪ್ಪಗಿದ್ದಾಗ!

"ನಿಮ್ಮಪ್ಪನ ಕೇಳೂ ಮೊದಲು ನಿಮಗೇ ಕೇಳ್ಬೇಕಿತ್ತು. ಧೈರ್ಯ ಇರ್ಲಿಲ್ಲ. ಈಗ ಕೇಳ್ತೀನಿ." ಅವನು ತಕ್ಕಡಿಯ ಹತ್ತಿರ ಬಂದು ನಿಂತ. "ಸಾರಿಕಾ, ನನ್ನ ಲಗ್ನ ಆಗ್ತೀರೇನು?"

ಅವನೆದುರು ತಡೆದಿಟ್ಟಿದ್ದ ಕಣ್ಣೀರು ಆಗ ಬಂತು. ಸಾರಿಕಾ ಒರೆಸಿಕೊಳ್ಳಲಿಲ್ಲ.

"ಆಗ್ತೀನಿ... ಖರೆ, ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ."

"ಇಳೀಲಿ. ಗಡಿಬಿಡಿ ಇಲ್ಲ."

"ಇಳೀಲೇ ಇಲ್ಲಂದ್ರ?"

ನಾಗನಾಥ ನಕ್ಕ.

"ಸಿಟ್ಟಿನ ಜೋಡೀನೇ ಬರ್ರಿ. ನಾ ಮನಸ್ಸು ಕೊಟ್ಟದ್ದೇ ಅದಕ್ಕ."